ಬೆನ್ನ ಮೇಲೆ ‘ಮಾತಾಡಿತು’ ಎಂದು ಬರೆಸಿಕೊಂಡ ನಾರ್ವೆ ರೇಡಿಯೋ

ತಪ್ಪು ನನ್ನದೇ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಓದುತ್ತಾ ಓದುತ್ತಾ ನೀವೇ ಕಂಡುಹಿಡಿದು ಬೈಯುವ ಶ್ರಮ ಬೇಡ. ಹೋದ ವರ್ಷ ರಂಜಾನ್ ಮುಗಿದ ಮರುವಾರ, ಬಾಯಿಬಾರದ ಒಂದು ರೇಡಿಯೋಗೆ ಮಾತು ಬರಿಸಲು ಹೋಗಿ, ಹಿರಿಯರೊಬ್ಬರ ಅಂಗಡಿಗೇ ಬೀಗ ಬೀಳಿಸುವುದರಲ್ಲಿದ್ದೆ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಹೆಸರು ಮಂಜುನಾಥ, ಸಾಲಿನವರ ಬಾಯಲ್ಲಿ ಟೇಪ್ ಮಂಜ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೇ ಸಲ ಅದು ನನ್ನ ಬಾಯಿಂದ ಬರುತ್ತದೆ. ಹೊನ್ನಾಳಿ ಬಸ್ಸಿನ ಕಂಡಕ್ಟರ್, ಕಬ್ಬಿನ ಹಾಲಿನ ಗಾಡಿಯವರು, ಹಿಂದಿನ ಮನೆಯ ಹುಂಜ, ಯಾರನ್ನೂ ಬಿಟ್ಟವನಲ್ಲ. ನ್ಯಾಮತಿಗೆ ಹೆಣ್ಣು ನೋಡಲು ಹೋದಾಗ ಮಾತ್ರ ನನ್ನ ಸ್ವಂತ ದನಿಯಲ್ಲಿ ಮಾತಾಡಿದೆ. ಆ ಸಂಬಂಧ ಕೂಡಿಬರಲಿಲ್ಲ.

ಪಕ್ಕದ ಅಂಗಡಿ ದಾದಾಪೀರ್ ಚಾಚಾ ಅವರದು. ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ. ಯಾರು ಯಾವ ದಿನ ಬಂದರೂ ಅವರದು ಒಂದೇ ಮಾತು: “ಬಿಟ್ಟು ಹೋಗ್ರಿ, ಸೋಮವಾರ ಬನ್ರಿ.” ಸೋಮವಾರ ಬಂದವರಿಗೂ ಅದೇ. ಸೆಟ್ಟು ಸರಿಹೋದ ಮೇಲೆ ಅದರ ಬೆನ್ನಿಗೆ ಸೀಮೆಸುಣ್ಣದಲ್ಲಿ ‘ಮಾತಾಡಿತು’ ಎಂದು ಬರೆದು ಮುಂದಿನ ಹಲಗೆಯ ಮೇಲಿಡುತ್ತಿದ್ದರು. ಬರೆದದ್ದನ್ನು ಅವರು ಅಳಿಸಿದ್ದನ್ನು ನಾನಂತೂ ಕಂಡಿರಲಿಲ್ಲ.

ಕಣ್ಣಿನ ಆಪರೇಷನ್ ಆದಮೇಲೆ ಒಂದೆರಡು ಸೆಟ್ಟುಗಳು ಚಾಚಾಗೆ ಕೈಕೊಟ್ಟಿದ್ದವು. ಮಗ ಸಾದಿಕ್‌ಗೆ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುವ ಆಸೆ. “ಅಬ್ಬಾ, ಸಾಕು ಮಾಡ್ರಿ, ಮನೇಲಿ ಆರಾಮಾಗಿರ್ರಿ” ಎಂದು ದಿನಾ ಅದೇ ಹೇಳುತ್ತಿದ್ದ.

ಅಂಥ ಹೊತ್ತಿಗೆ ಬಂದವರು ಹಡಗಿನ ಹನುಮಂತಪ್ಪ. ಜಗಳೂರು ತಾಲ್ಲೂಕಿನ ಸೊಕ್ಕೆಯವರು, ನಾರ್ವೆ ದೇಶದ ಹಡಗೊಂದರಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿ ನಿವೃತ್ತರಾದವರು. ಅವರ ಕೈಲಿ ಒಂದು ಸಣ್ಣ ಡಿಜಿಟಲ್ ರೇಡಿಯೋ. ಹಡಗಿನ ಅಡುಗೆಮನೆಯಲ್ಲಿದ್ದ ಅದನ್ನು ಜೊತೆಗಾರರು ಬೀಳ್ಕೊಡುವಾಗ ಕೊಟ್ಟಿದ್ದರಂತೆ.

“ಅಲ್ಲಿ ಬಂದರಿಗೆ ಹಡಗು ನಿಂತ್ರೆ ಸಾಕು, ಗಂಟೆ ಬಾರಿಸ್ದಂಗೆ ಮಾತಾಡ್ತಿತ್ತು ಕಣ್ರೀ. ಇಲ್ಲಿ ಬಂದು ಮೂಕಾಗೇತೆ. ವಿಮಾನದಾಗೆ ಏಟು ಬಿದ್ದಿರಬೇಕು.”

“ಬಿಟ್ಟು ಹೋಗ್ರಿ” ಎಂದರು ಚಾಚಾ. ಹನುಮಂತಪ್ಪ ಹೋದಮೇಲೆ ಸಾದಿಕ್‌ನ ಕಡೆ ತಿರುಗಿ ಹೇಳಿದರು: “ನೋಡಪ್ಪಾ, ಇದು ಮಾತಾಡಿದ್ರೆ ಅಂಗಡಿ ನಂದು. ಇಲ್ಲಾಂದ್ರೆ ಸೋಮವಾರ ಬೀಗದ ಕೈ ನಿಂದು.”

ನಾಲ್ಕು ದಿನ ಆ ಸೆಟ್ಟಿನ ಮುಂದೆ ಕೂತರು. ಬಿಚ್ಚಿದರು, ಮೀಟರ್ ಹಿಡಿದರು, ಮತ್ತೆ ಮುಚ್ಚಿದರು. ಗುಂಡಿ ಒತ್ತಿದರೆ ಸಣ್ಣ ಪರದೆಯ ಮೇಲೆ ಅದು ಸ್ಟೇಷನ್ ಹುಡುಕುವುದು, ಹುಡುಕಿ ಹುಡುಕಿ ಸೊನ್ನೆ ತೋರಿಸುವುದು. ಐದನೇ ದಿನ ಶನಿವಾರ. ನಾನು ತಂದುಕೊಟ್ಟ ಚಹಾ ಕೆನೆಗಟ್ಟಿ ಹಾಗೇ ಕೂತಿತ್ತು.

ನನ್ನ ತಲೆಗೆ ಆಗ ಹೊಳೆದದ್ದನ್ನು ಅರ್ಧ ಕನಿಕರ, ಅರ್ಧ ಕಿಡಿಗೇಡಿತನ ಎನ್ನಬಹುದು. ಚಾಚಾ ಒಂದು ನಿಮಿಷ ನಗಲಿ ಅಂದುಕೊಂಡೆ. ಚಾಚಾ ಮಧ್ಯಾಹ್ನದ ನಮಾಜಿಗೆ ಹೋದಾಗ ನನ್ನ ಅಂಗೈಯಗಲದ ಬ್ಲೂಟೂತ್ ಸ್ಪೀಕರನ್ನು ರೇಡಿಯೋ ಹಿಂದಿನ ಹಳೇ ಸೆಟ್ಟುಗಳ ಸಂದಿಯಲ್ಲಿ ಅಡಗಿಸಿಟ್ಟೆ. ಜೆರಾಕ್ಸ್ ಮಷೀನಿನ ಮರೆಯಲ್ಲಿ ಕೂತು ನಾರ್ವೆ ವಾರ್ತೆ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಾರ್ವೆ ಭಾಷೆ ನನಗೇನು ಗೊತ್ತು? ಉಬ್ರಾಣಿ, ಬಸವಾಪಟ್ಟಣ ಎಂಬ ನಮ್ಮ ಸುತ್ತಲಿನ ಊರುಗಳ ಹೆಸರನ್ನೇ ಮೂಗಿನಲ್ಲಿ ಹಿಗ್ಗಿಸಿ, ಬಾಲಕ್ಕೆ ‘ಸ್ಕಾ’, ‘ಸೆನ್’ ಅಂಟಿಸಿದೆ.

ಚಾಚಾ ಬಂದು ಗುಂಡಿ ಒತ್ತಿದರು. ನಾನು ಮೊಬೈಲ್ ಒತ್ತಿದೆ. “ಉಬ್ರಾಣಿಸ್ಕಾ ಬಸವಾಪಟ್ಟಣ್‌ಸೆನ್...”

ಅವರು ನಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ಸೀಮೆಸುಣ್ಣ ಹಿಡಿದು ‘ಮಾತಾಡಿತು’ ಎಂದು ಬರೆದರು. ಹನುಮಂತಪ್ಪನವರಿಗೆ ಫೋನ್ ಹಚ್ಚಿದರು: “ಬನ್ರೀ, ಬಾಯಿ ಬಿಡ್ತು.” ಮಗನಿಗೆ ಹಚ್ಚಿದರು: “ಸಾದಿಕ್, ಕವರ್ ಅಂಗಡಿಗೆ ಬೇರೆ ಜಾಗ ನೋಡ್ಕೋ.” ಸಾಲಿಗೆಲ್ಲ ಚಹಾ ಹೇಳಿ, ಮೊದಲ ಲೋಟ ನನ್ನ ಕೈಗೇ ಇಟ್ಟರು. “ನಾಲ್ಕ್ ದಿನ ಚಹಾ ತಂದ್ಕೊಟ್ಟೋನು ನೀನೊಬ್ನೇ ಕಣೋ ಮಂಜಾ.”

ಆ ಲೋಟವನ್ನು ಜೆರಾಕ್ಸ್ ಮಷೀನಿನ ಮೇಲಿಟ್ಟೆ. ಹೇಳಿಬಿಡಲು ಮೂರು ಸಲ ಎದ್ದೆ, ಮೂರು ಸಲ ಕೂತೆ. ಎಲ್ಲರ ದನಿ ಬರುವ ಬಾಯಿಗೆ ಆಗ ನನ್ನ ದನಿಯೇ ಬರಲಿಲ್ಲ.

ಎರಡು ಬಸ್ ಬದಲಿಸಿ ಹನುಮಂತಪ್ಪ ಬಂದಾಗ ಸಂಜೆ ಐದು. ಸಾದಿಕ್ ಕೂಡ ಬಂದಿದ್ದ. ಚಾಚಾ ಮದುಮಗಳನ್ನು ತೋರಿಸುವವರಂತೆ ಸೆಟ್ಟನ್ನು ಮುಂದಕ್ಕೆಳೆದು ಗುಂಡಿ ಒತ್ತಿದರು. ನನ್ನ ಹೆಬ್ಬೆರಳು ಮೊಬೈಲ್ ಮೇಲಿತ್ತು, ಒತ್ತಲಾಗಲಿಲ್ಲ. ರೇಡಿಯೋ ಸೊನ್ನೆ ತೋರಿಸಿತು. ಚಾಚಾ ಮತ್ತೆ ಒತ್ತಿದರು. “ಈಗಿನ್ನೂ ಮಾತಾಡ್ತು... ಅಲ್ಲಾನಾಣೆ ಮಾತಾಡ್ತು...” ಸಾದಿಕ್ ನೆಲ ನೋಡುತ್ತಿದ್ದ.

ನಾನು ಎದ್ದು ಹೋಗಿ “ಚಾಚಾ” ಎಂದೆ. ಅಷ್ಟರಲ್ಲಿ ರೇಡಿಯೋ ಹಿಂದಿನಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು: “ಬ್ಯಾಟರಿ ಲೋ!”

ಚಾಚಾ ಸಂದಿಗೆ ಕೈಹಾಕಿ ನನ್ನ ಸ್ಪೀಕರನ್ನು ಈಚೆ ತೆಗೆದರು. ಅದರ ಮೇಲೆ ನನ್ನ ಅಂಗಡಿಯದೇ ಸ್ಟಿಕ್ಕರ್. ಎಲ್ಲವನ್ನೂ ಹೇಳಿದೆ, ಹೆಸರುಗಳಿಗೆ ‘ಸ್ಕಾ’ ಅಂಟಿಸಿದ್ದನ್ನೂ. ಯಾರೂ ನಗಲಿಲ್ಲ. ಚಾಚಾ ಅಂಗಿಯ ತೋಳಿನಿಂದ ‘ಮಾತಾಡಿತು’ ಅಳಿಸಿದರು. ಬೀಗದ ಕೈ ತೆಗೆದು ಮಗನ ಮುಂದಿಟ್ಟರು. ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ತಡೀರಿ ಸಾಹೇಬ್ರೆ, ಹಡಗಿನ ಎಂಜಿನಿಯರ್‌ನ ಒಂದ್ ಮಾತು ಕೇಳಾನ” ಎಂದು ಹನುಮಂತಪ್ಪ ನಾರ್ವೆಗೇ ವಿಡಿಯೋ ಕಾಲ್ ಹಚ್ಚಿದರು. ಬಿಳಿಗಡ್ಡದ ಒಬ್ಬಾತ ಬಂದ. ಹೆಸರು ಲಾರ್ಸ್. ಅವನ ಇಂಗ್ಲಿಷನ್ನು ಹನುಮಂತಪ್ಪ ಕನ್ನಡಕ್ಕೆ ತರುತ್ತಿದ್ದರು.

“ಈ ಸೆಟ್ಟು ಡಿಜಿಟಲ್ ಒಂದನ್ನೇ ಹಿಡಿಯೋದಂತೆ. ನಿಮ್ಮೂರಲ್ಲಿ ಆ ಥರದ ಪ್ರಸಾರ ಬಿಡ್ತಾರಾ ಅಂತ ಕೇಳ್ತಾನೆ. ಅವರ ದೇಶದಾಗೆ ಬಡಗಲಿಂದ ಶುರು ಮಾಡಿ ಒಂದೊಂದೇ ಸೀಮೇಲಿ ದೊಡ್ಡ ಸ್ಟೇಷನ್ನಿನ ಎಫ್‌ಎಂ ನಿಲ್ಸಿ ಡಿಜಿಟಲ್ ಮಾಡಿದ್ರಂತೆ. ಕಾರಿನೋರೆಲ್ಲ ಭಾಳ ಗೊಣಗಿದ್ರಂತೆ. ನಮ್ಮ ಕಡೆ ಆ ಗಾಳೀನೇ ಇಲ್ಲ ಕಣ್ರೀ, ಸೆಟ್ಟು ಏನ್ ಮಾಡ್ತೇತೆ?”

ಚಾಚಾ ಮೆಲ್ಲಗೆ ಕೇಳಿದರು, “ಅಂದ್ರೆ ಇದಕ್ಕೆ ಕಾಯಿಲೆ ಇಲ್ಲ?”

“ಗುಂಡುಕಲ್ಲಿನಂಗೈತಂತೆ.”

“ಮತ್ತೆ ಅಲ್ಲಿ ಹಳೇ ಸೆಟ್ಟುಗಳು?”

“ಭಾಳ ಜನ ಎಸೆದ್ರಂತೆ.”

“ಜೀವ ಇರೋವನ್ನ?” ಚಾಚಾ ಎದ್ದೇ ನಿಂತರು. ಲಾರ್ಸ್ ಮೊಬೈಲನ್ನು ತಿರುಗಿಸಿ ಕಪಾಟಿನ ಮೇಲಿದ್ದ ಮರದ ರೇಡಿಯೋ ತೋರಿಸಿದ. ಅವರಪ್ಪನದಂತೆ, ಎಸೆಯಲು ಮನಸ್ಸಾಗಿಲ್ಲವಂತೆ. ಚಾಚಾ ಆ ಪುಟ್ಟ ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಎಸೀಬೇಡ ಅನ್ರೀ ಅವನಿಗೆ. ಕೇಳೋ ಕಿವಿ ಐತೆ, ಮಾತಾಡೋರು ಇಲ್ಲ. ಅಷ್ಟೇ.”

ಸಾದಿಕ್ ಬೀಗದ ಕೈಯನ್ನು ಎತ್ತಿ ಅಪ್ಪನ ಜೇಬಿಗೆ ಹಾಕಿದ.

ಈಗಲೂ ನಾನು ಎಲ್ಲರ ದನಿಯನ್ನೂ ಅಣಕಿಸುತ್ತೇನೆ, ಅದು ಹುಟ್ಟುಗುಣ. ಆದರೆ ಯಾರಾದರೂ ಒಂದು ದನಿಗಾಗಿ ಕಾಯುತ್ತಾ ಕೂತಿದ್ದರೆ, ಆ ದನಿಯನ್ನು ಮಾತ್ರ ನಾನು ಮಾಡುವುದಿಲ್ಲ. ಮುಖ ಮುಚ್ಚಿಕೊಂಡ ಆ ಎರಡು ಕೈ ಇನ್ನೂ ಕಣ್ಣ ಮುಂದಿವೆ.

ಅವತ್ತು ಎಲ್ಲರೂ ಹೋದಮೇಲೆ ಚಾಚಾರ ಮುಂದೆ ತಲೆತಗ್ಗಿಸಿ ನಿಂತು ಕೇಳಿದೆ, “ತಪ್ಪಾಯ್ತು ಚಾಚಾ. ಸೋಮವಾರ ಅಂಗಡಿ...?”

ಅವರು ಸೀಮೆಸುಣ್ಣವನ್ನು ಡಬ್ಬಿಗೆ ಹಾಕುತ್ತಾ, ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಸೆಟ್ಟು ಸರಿ ಐತೆ, ನನ್ ಕೈಯೂ ಸರಿ ಐತೆ. ಕೆಟ್ಟಿರೋದು ನಿನ್ ಬಾಯಿ ಒಂದೇ. ಬಿಟ್ಟು ಹೋಗು, ಸೋಮವಾರ ಬಾ.”