ಮೇಣದಲ್ಲಿ ನೆಟ್ಟ ಬಿಟ್ಟುಗಳು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಕಾರ್ಯಾಗಾರದಲ್ಲಿ ಒಂದು ತಪ್ಪು ನಡೆಯಿತು. ತಪ್ಪು ಮಾಡಿದವನು ಅಣ್ಣ. ಅದರ ಫಲ ಅನುಭವಿಸಿದವರು ಅಮ್ಮ ಮತ್ತು ನಾನು. ಮೊಮ್ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಬಂಧುಗಳು ಈ ಸಂಗತಿಯನ್ನು ಇಷ್ಟು ವರ್ಷವೂ ಅಣ್ಣನ ಬುದ್ಧಿವಂತಿಕೆಯ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದಾರೆ.

ಆಗ ನಾವು ಉದ್ಯಾವರದಲ್ಲಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಯ ಹಿಂಬದಿಯ ಇಳಿಮಾಡಿನ ಕೋಣೆಯಲ್ಲಿ ಅಪ್ಪ ತೆಂಗಿನ ಗೆರಟೆಯಿಂದ ಅಂಗಿಯ ಗುಂಡಿಗಳನ್ನೂ ಜಪಮಾಲೆಯ ಮಣಿಗಳನ್ನೂ ಮಾಡುತ್ತಿದ್ದರು. ಕೈಬೈರಿಗೆ ತಿರುಗಿದಾಗ ಹಾರುವ ಕಂದು ಹುಡಿಗೆ ಸುಟ್ಟ ಬೆಲ್ಲದಂತಹ ವಾಸನೆಯಿತ್ತು. ಆ ವಾಸನೆ ನನಗೆ ಇಗರ್ಜಿಯ ಧೂಪಕ್ಕಿಂತ ಪ್ರಿಯವಾಗಿತ್ತು. ಆದರೆ ನಾನು ಅದನ್ನು ಹೊಸ್ತಿಲಿನ ಹೊರಗೆ ನಿಂತೇ ಮೂಸಬೇಕಾಗಿತ್ತು.

ಮಸ್ಕತ್ತಿನಲ್ಲಿದ್ದ ಮಾವ ರಜೆಗೆ ಬಂದಾಗ ಬೈರಿಗೆಗೆ ಸಿಕ್ಕಿಸಿ ತೂತು ಕೊರೆಯುವ ಪುಟ್ಟ ಉಕ್ಕಿನ ಬಿಟ್ಟುಗಳ ಪೊಟ್ಟಣವೊಂದನ್ನು ತಂದರು. ಕೆಲವು ಅಮ್ಮನ ಹೊಲಿಗೆ ಸೂಜಿಗಿಂತಲೂ ಸಪೂರ. ಬೆಳಕಿಗೆ ಹಿಡಿದು ತಿರುಗಿಸಿದರೆ ಮಾತ್ರ ಅವುಗಳ ಮೈಮೇಲಿನ ಸುರುಳಿ ಕಾಣುತ್ತಿತ್ತು. ದಪ್ಪದವು, ಸಪೂರದವು ಎಲ್ಲ ಕಲಸಿಹೋಗಿದ್ದವು. ಅವನ್ನು ಆಯ್ದು ಜೋಡಿಸಿಡುವ ಕೆಲಸ ನನಗೆ ಕೊಡಿ ಎಂದು ಮೊದಲು ಕೇಳಿದವಳು ನಾನು. ಅಪ್ಪ ಪೊಟ್ಟಣವನ್ನು ಅಣ್ಣನ ಕೈಗಿಟ್ಟರು. ಅದು ಗಂಡುಮಕ್ಕಳ ಕೆಲಸವಂತೆ. ಅಕ್ಕಿಯಲ್ಲಿ ಕಲ್ಲು ಹುಡುಕಲು, ಸಾಸಿವೆಯಿಂದ ಮಣ್ಣು ಬೇರ್ಪಡಿಸಲು ಆ ಮನೆಗೆ ನನ್ನ ಕಣ್ಣುಗಳು ಬೇಕಾಗಿದ್ದವು. ಉಕ್ಕಿನ ತುಂಡುಗಳಿಗೆ ಮಾತ್ರ ಅವು ಸಲ್ಲಲಿಲ್ಲ. ಇದು ಅನ್ಯಾಯ. ಅಂದು ನನಗೆ ಆ ಪದ ಗೊತ್ತಿರಲಿಲ್ಲ, ಎದೆಯ ಉರಿ ಮಾತ್ರ ಗೊತ್ತಿತ್ತು. ಅಣ್ಣನ ಬೆರಳುಗಳನ್ನು ನೋಡುತ್ತಾ ನಿಂತಿದ್ದ ನನಗೆ ಅವನು ಸೀನಿದರೂ ಸಿಟ್ಟು ಬರುತ್ತಿತ್ತು.

ಅಣ್ಣ ತೋಟದಿಂದ ಬಾಳೆದಿಂಡಿನ ತುಂಡೊಂದನ್ನು ಕಡಿದು ತಂದ. ಹಬ್ಬದ ದಿನ ಅಂಗಳದಲ್ಲಿ ಬಾಳೆದಿಂಡಿಗೆ ಮೇಣದ ಬತ್ತಿಗಳನ್ನು ಚುಚ್ಚಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಅದೇ ರೀತಿ ಅವನು ಬಿಟ್ಟುಗಳನ್ನು ಸಾಲಾಗಿ ಚುಚ್ಚಿದ. ನೋಡಲು ಚಂದವೇ ಇತ್ತು, ಅದರಿಂದ ನನಗೆ ಇನ್ನಷ್ಟು ಸಂಕಟವಾಯಿತು. ಅಪ್ಪ ಅವನ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ನೋಡಿದರೆ ದಿಂಡಿನ ಚೊಗರು ರಸ ತಾಗಿದ ಬಿಟ್ಟುಗಳೆಲ್ಲ ಕಪ್ಪಾಗಿದ್ದವು. ಅಂಟಿನ ನಡುವೆ ತುಕ್ಕು ಹಿಡಿಯತೊಡಗಿತ್ತು. ಅಪ್ಪ ಅಣ್ಣನನ್ನು ಬೈಯಲಿಲ್ಲ. ಚಿಕ್ಕ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಎಂದರು. ಅಮ್ಮನನ್ನು ಕರೆದು, ಇವನ್ನು ಸ್ವಚ್ಛ ಮಾಡು ಎಂದರು. ಅಮ್ಮ ಅರ್ಧ ಕೊಯ್ದ ಬಂಗುಡೆ ಮೀನನ್ನು ಮುಚ್ಚಿಟ್ಟು ಬಂದಳು. ಅಣ್ಣ ಹೊಳೆಗೆ ಈಜಲು ಹೋದ.

ನಾವಿಬ್ಬರೂ ಅಡುಗೆಮನೆಯ ಜಗಲಿಯಲ್ಲಿ ಕುಳಿತು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದೊಂದನ್ನೇ ಉಜ್ಜಿದೆವು. ಬಿಟ್ಟುಗಳು ಚುಚ್ಚಿ ಬೆರಳ ತುದಿಗಳು ಉರಿದವು. ಅಮ್ಮನ ಕೈಯಲ್ಲಿ ಅತಿ ಸಪೂರದ ಒಂದು ಬಿಟ್ಟು ಮುರಿಯಿತು. ಅವಳು ಬೆಚ್ಚಿ ಕಾರ್ಯಾಗಾರದ ಬಾಗಿಲ ಕಡೆ ನೋಡಿದಳು. ಆ ಹೆದರಿಕೆಯನ್ನೂ ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಉಜ್ಜಿ ಮುಗಿದಾಗ ನನಗೆ ಆಲೋಚನೆಯೊಂದು ಹೊಳೆಯಿತು. ಬತ್ತಿಗೆ ದಿಂಡು ಆಗುತ್ತದೆ, ಬಿಟ್ಟಿಗೆ ದಿಂಡು ಆಗುವುದಿಲ್ಲ. ಹಾಗಾದರೆ ಬತ್ತಿಯ ಮೇಣವೇ ಆದೀತಲ್ಲ? ದೇವರ ಪೀಠದ ಬಳಿ ಉಳಿದಿದ್ದ ಬತ್ತಿಯ ಚೂರುಗಳನ್ನು ಕರಗಿಸಲೇ ಎಂದು ಅಮ್ಮನನ್ನು ಕೇಳಿದೆ.

“ಮಾಡು. ಅಪ್ಪ ಕೇಳಿದರೆ ನಾನು ಹೇಳಿದ್ದು ಅಂತ ಹೇಳು,” ಎಂದಳು ಅಮ್ಮ.

ಕರಗಿದ ಮೇಣವನ್ನು ಅರ್ಧ ಗೆರಟೆಗೆ ಹೊಯ್ದೆ. ಅದು ಅರೆಗಟ್ಟಿಯಾಗುವಷ್ಟರಲ್ಲಿ ಬಿಟ್ಟುಗಳನ್ನು ವಿಂಗಡಿಸಿದೆ. ಜಪಮಾಲೆಯ ಮಣಿಯ ತೂತಿಗೆ ಹಾಕಿ ನೋಡಿದರೆ ಸಡಿಲವಾದದ್ದು ಸಪೂರ, ಬಿಗಿಯಾದದ್ದು ಸರಿ, ಹೋಗದಿದ್ದದ್ದು ದಪ್ಪ. ದಪ್ಪದವನ್ನು ಅಂಚಿನಲ್ಲಿ, ಸರಿಯಾದವನ್ನು ಅದರ ಒಳಗೆ, ಸಪೂರದವನ್ನು ನಡುವಿನಲ್ಲಿ, ಕತ್ತರಿಸುವ ತುದಿ ಮೇಲಕ್ಕೆ ಬರುವಂತೆ ವೃತ್ತ ವೃತ್ತವಾಗಿ ನೆಟ್ಟೆ. ಮೇಣ ತಣಿದಾಗ ಅವು ಅಲುಗದೆ ನಿಂತವು. ಇನ್ನು ಅಪ್ಪ ನೋಡಿದರೆ ಸಾಕು, ಹೊಸ್ತಿಲು ದಾಟಿ ಒಳಗೆ ಕರೆಯುತ್ತಾರೆ ಎಂದುಕೊಂಡೆ.

ಸಂಜೆ ಗುಂಡಿಗಳನ್ನು ಒಯ್ಯಲು ಕಾಪುವಿನಿಂದ ಬ್ಯಾರಿ ಅಂಗಡಿಯವರು ಬಂದರು. ಅಮ್ಮ ಒಯ್ದು ಕಾರ್ಯಾಗಾರದ ಮೇಜಿನ ಮೇಲಿಟ್ಟಿದ್ದ ಗೆರಟೆಯನ್ನು ಎತ್ತಿ ನೋಡಿದರು.

“ಎಂತ ಚಂದ ಇಟ್ಟಿದ್ದೀರಿ ಮಾರಾಯ್ರೆ. ಯಾರ ಕೆಲಸ ಇದು?”

“ಮಗನದ್ದು. ಅವನಿಗೆ ತಲೆ ಉಂಟು,” ಎಂದರು ಅಪ್ಪ.

ಅಣ್ಣ ಆಗಷ್ಟೇ ಹೊಳೆಯಿಂದ ಬಂದಿದ್ದ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಗೆರಟೆಯನ್ನು ನೋಡಿದ, ನನ್ನನ್ನು ನೋಡಿದ, ಅಂಗಿಯ ತುದಿಯಿಂದ ತಲೆ ಒರೆಸಿಕೊಳ್ಳತೊಡಗಿದ.

“ಅದು ನಾನು ಮಾಡಿದ್ದು,” ಎಂದೆ.

ಅಂಗಡಿಯವರು ಅಪ್ಪನ ಕಡೆ ತಿರುಗಿದರು. “ಹುಡುಗಿ ತಾನು ಮಾಡಿದ್ದು ಅಂತ ಹೇಳ್ತದೆ ಅಲ್ವಾ?”

ಅಪ್ಪ ನಕ್ಕರು. “ಅದಕ್ಕೆ ಅಣ್ಣನ ಮೇಲೆ ಹೊಟ್ಟೆಕಿಚ್ಚು. ಹೋಗು ಮಾರಾಯ್ತಿ, ಚಾ ತಕ್ಕೊಂಡು ಬಾ.”

ಚಹಾ ತಂದುಕೊಟ್ಟೆ. ಹೌದು, ಹೊಟ್ಟೆಕಿಚ್ಚಿತ್ತು. ಮುಂದೆ ಅಣ್ಣನನ್ನು ಮಣಿಪಾಲದ ವರ್ಕ್‌ಶಾಪೊಂದಕ್ಕೆ ಕೆಲಸ ಕಲಿಯಲು ಕಳುಹಿಸಿದಾಗ, ನನ್ನನ್ನು ಹೊಲಿಗೆ ತರಗತಿಗೆ ಸೇರಿಸಿದಾಗ ಅದು ಹೆಚ್ಚಿತು. ಇಂದಿಗೂ ಅಣ್ಣನ ಮನೆಯಲ್ಲಿ ಡ್ರಿಲ್ ಯಂತ್ರದ ಸದ್ದು ಕೇಳಿದರೆ ನನ್ನ ಎದೆ ಉರಿಯುತ್ತದೆ. ಅಸೂಯೆ ಕೆಟ್ಟ ಗುಣವೆಂದು ನಿಮಗೆ ಶಾಲೆಯಲ್ಲಿ ಕಲಿಸುತ್ತಾರೆ. ಒಬ್ಬರ ಪಾಲನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟು, ಆಮೇಲೆ ಕಳೆದುಕೊಂಡವರನ್ನು ಅಸೂಯೆಯವರೆಂದು ಹಂಗಿಸುವುದು ಅದಕ್ಕಿಂತ ಕೆಟ್ಟದ್ದೆಂದು ಯಾರೂ ಕಲಿಸುವುದಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಬಿಟ್ಟುಗಳಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಿದೆ, ಪ್ರತಿ ಗೂಡಿನ ಮೇಲೆ ಅಳತೆ ಅಚ್ಚಾಗಿದೆ. ಅಣ್ಣತಂಗಿಯರಿಬ್ಬರೂ ಒಂದೇ ಶಾಲೆಯಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತೀರಿ. ನನಗೆ ಸಂತೋಷವಿದೆ, ನಿಮ್ಮ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಿದೆ. ಆದರೆ ಕಳೆದ ಭಾನುವಾರ ಕಿಟಕಿಯ ಪರದೆ ಹಾಕುವಾಗ ನಿಮ್ಮಿಬ್ಬರಲ್ಲಿ ಅಣ್ಣನ ಕೈಗೆ ಡ್ರಿಲ್ ಹೋಯಿತು, ತಂಗಿಯ ಕೈಗೆ ಪೊರಕೆ ಬಂತು. ನಾನು ನೋಡಿದ್ದೇನೆ.

ಆದ್ದರಿಂದ ಈ ಕೊನೆಯ ಮಾತು ನಿಮಗಲ್ಲ, ನಿಮ್ಮ ಅಪ್ಪನಿಗೆ. ಮಗನೇ, ಇನ್ನೊಂದು ಕಿಟಕಿ ಬಾಕಿಯಿದೆ. ಅದರ ತೂತುಗಳನ್ನು ನಿನ್ನ ಮಗಳು ಕೊರೆಯಲಿ, ಹುಡಿಯನ್ನು ಮಗ ಗುಡಿಸಲಿ. ಪರದೆ ಚೆನ್ನಾಗಿದೆಯೆಂದು ಬಂದವರು ಹೇಳಿದರೆ, ಅವಳನ್ನು ಚಹಾಕ್ಕೆ ಕಳುಹಿಸದೆ, ಅವಳ ಎದುರಿನಲ್ಲೇ ಅವಳ ಹೆಸರು ಹೇಳು.