ಅತ್ತೆ ಕೇಳಿದ ನೆಲಮಹಡಿಯ ಮನೆ

ನಕ್ಷೆ ಸುಳ್ಳು ಹೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಈಗಲೂ ಆ ಮಾತು ಬಂದರೆ ಎಲ್ಲರೂ ಬೈಯುವುದು ನಕ್ಷೆಯನ್ನೇ. ಪಾಪ, ಅದಕ್ಕೆಲ್ಲಿ ಬಾಯಿ? ಬಾಯಿ ಇದ್ದದ್ದು ನನಗೆ.

2005ರ ಜುಲೈ ಮಳೆ ಬಂದಾಗ ನಾವು ಕಳವಾ ಎಂಬ ಊರಿನಲ್ಲಿ ಸಾಲು ಕೋಣೆಗಳ ಚಾಳೊಂದರಲ್ಲಿದ್ದೆವು, ನೆಲಮಟ್ಟದ ಕೋಣೆ. ನನ್ನ ಗಂಡ ಠಾಣೆ ಪೇಟೆಯ ಹೋಟೆಲಿನ ಗಲ್ಲಾದಲ್ಲಿ, ನಾನು ಕೋಪರಖೈರಣೆಯ ಆಫೀಸಿನಲ್ಲಿ, ಟ್ರೇನು ಬಂದ್. ಮನೆಯಲ್ಲಿ ಅತ್ತೆ ಒಬ್ಬರೇ. ನೀರು ಹೊಸಿಲು ದಾಟಿದಾಗ ಅವರು ಅಕ್ಕಿ ಡಬ್ಬಿಯನ್ನು ಮಂಚದ ಮೇಲಿಟ್ಟು, ತಾವೂ ಹತ್ತಿ ಕೂತು, ಮಂಚವೇ ಅಲುಗಾಡತೊಡಗಿದ ಮೇಲೆ ಪಕ್ಕದವರನ್ನು ಕೂಗಿದರಂತೆ. ಮರುದಿನ ನಾನು ಮನೆ ಮುಟ್ಟಿದಾಗ ಮೇಲಿನ ಮನೆಯವರ ನೈಟಿ ಹಾಕಿಕೊಂಡು ಕೂತಿದ್ದರು. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. "ಗ್ರೈಂಡರ್ ಹೋಯ್ತು ಮಾರಾಯ್ತಿ" ಎಂದರು, ಅಷ್ಟೇ. ನನಗೆ ಅಳು ಬಂತು. ಇನ್ನು ಸತ್ತರೂ ನೆಲಮಟ್ಟದ ಮನೆ ಬೇಡ ಎಂದು ಅವತ್ತೇ ನಿಶ್ಚಯಿಸಿಬಿಟ್ಟೆ.

ಹಾಗೆ ಡೊಂಬಿವಲಿಯ ಮೂರನೇ ಮಾಳಿಗೆಗೆ ಬಂದೆವು. ಹಳೆಯ ಕಟ್ಟಡ, ಲಿಫ್ಟಿಲ್ಲ. ಆಗ ಅತ್ತೆಯ ಮಂಡಿ ಗಟ್ಟಿ ಇತ್ತು. ಕೆಲವು ವರ್ಷಗಳಲ್ಲಿ ಅದು ಕೈಕೊಟ್ಟಿತು, ಅವರು ಮೇಲೆಯೇ ಉಳಿದುಬಿಟ್ಟರು. ಕೆಳಗೆ ಮೀನಿನವಳು ಕೂಗಿದರೆ ಹಗ್ಗಕ್ಕೆ ಚೀಲ ಕಟ್ಟಿ ಗ್ಯಾಲರಿಯಿಂದ ಇಳಿಬಿಡುವುದು. ಬಂಗುಡೆಯ ಕಿವಿರು ಎತ್ತಿ ನೋಡದೆ ಯಾವತ್ತೂ ಕೊಂಡವರಲ್ಲ ಅತ್ತೆ. ಈಗ ಮೇಲಿನಿಂದ "ತಾಜಾ ಹೈ ಕ್ಯಾ?" ಎಂದು ಇವರು ಕಿರುಚುವುದು, "ಏಕ್‌ದಮ್ ತಾಜಾ, ಮಾವಶಿ!" ಎಂದು ಅವಳು ಮೆತ್ತಗಾದದ್ದನ್ನೇ ತುಂಬಿಸಿ ಕಳಿಸುವುದು.

"ಕಣ್ಣು ಕೆಂಪಾದ ಮೀನು ತಿನ್ನಿಸ್ತಾಳೆ, ದರಿದ್ರದವಳು. ಒಂದು ದಿನ ಕೆಳಗೆ ಇಳಿತೇನೆ, ಆಗ ಉಂಟು ಅವಳಿಗೆ" ಎಂದು ಅತ್ತೆ ಮಸಾಲೆ ರುಬ್ಬುವಾಗಲೆಲ್ಲ ಗೊಣಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಅದರ ಕಡೆಯ ಕಟ್ಟಡವೊಂದರಲ್ಲಿ ನೆಲಮಹಡಿಯ ಮನೆ ಮಾರಾಟಕ್ಕೆ ಬಂತು. ಮಾರುವವರು ನಮ್ಮ ಉಡುಪಿ ಕಡೆಯವರೇ, ಊರಿಗೆ ಹೊರಟಿದ್ದರು. ನನ್ನ ಗಂಡ ತಾಯಿಯನ್ನು ಹೇಗೋ ಇಳಿಸಿ ರಿಕ್ಷಾದಲ್ಲಿ ಕರೆದುಕೊಂಡು ಹೋಗಿ ತೋರಿಸಿದರು. ನಾನು ಆಫೀಸಿನಿಂದ ಬರುವಾಗ ಅತ್ತೆ ಮದುಮಗಳ ಹಾಗೆ ಕೂತಿದ್ದರು.

"ನಾಲ್ಕೇ ಮೆಟ್ಟಿಲು ಮಗಾ, ಹಿಡಿಲಿಕ್ಕೆ ಕಂಬಿ ಉಂಟು. ಬಾಗಿಲಲ್ಲಿ ಕುರ್ಚಿ ಹಾಕಿ ಕೂತ್ರೆ ಮೀನಿನವಳು ಬುಟ್ಟಿಯನ್ನು ನನ್ನ ಕಾಲ ಬುಡದಲ್ಲೇ ಇಳಿಸ್ತಾಳೆ. ನೀರಿನದ್ದೂ ಕೇಳಿದೆ ಆಯ್ತಾ. ಆ ಮಳೆಗೂ ಎರಡನೇ ಮೆಟ್ಟಿಲು ದಾಟ್ಲಿಲ್ಲವಂತೆ."

ನೀರು ಎಲ್ಲಿ ನಿಲ್ಲುತ್ತದೆ ಎಂದು ನಕ್ಷೆ ಮಾಡುವುದೇ ನನ್ನ ಕೆಲಸವಾಗಿತ್ತು. ಎಲ್ಲಿ ಮಣ್ಣು ತುಂಬಿಸಲು ಬಿಡಬಾರದು, ಎಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡಬಾರದು ಎಂದು ತೀರ್ಮಾನಿಸುವವರಿಗೆ ಆ ನಕ್ಷೆ ಹೋಗಬೇಕು. ಅದಕ್ಕೆ ಮೊದಲು ನೆಲದ ಎತ್ತರ ಬೇಕು. ಓಣಿ ಓಣಿಗೆ ಉಪಕರಣ ಹೊತ್ತು ಅಳೆಯಬಹುದು, ಆದರೆ ಅಷ್ಟು ಸಮಯ ನಮಗಿರಲಿಲ್ಲ. ಜನರನ್ನು ಕೇಳಬಹುದು, ಕೇಳಿಯೂ ನೋಡಿದ್ದೆವು: ಪರಿಹಾರ ಬೇಕಾದವರ ಮನೆಯಲ್ಲಿ ನೀರು ಕುತ್ತಿಗೆವರೆಗೆ ಬಂದಿತ್ತು, ಮನೆ ಮಾರುವವರ ಮನೆಯಲ್ಲಿ ಪಾದವೂ ಒದ್ದೆಯಾಗಿರಲಿಲ್ಲ! ಉಳಿದದ್ದು ಉಪಗ್ರಹ ಅಳೆದ ಎತ್ತರ. ಅದು ಸುಲಭಕ್ಕೆ ಸಿಗುತ್ತಿತ್ತು, ಇಡೀ ಊರಿಗೆ ಸಿಗುತ್ತಿತ್ತು. ನಾವು ಅದನ್ನೇ ಆರಿಸಿದೆವು, ಊರಿನ ಮಟ್ಟಿಗೆ ಆ ಆಯ್ಕೆ ಸರಿಯೇ ಇತ್ತು.

ಆದರೆ ಅದು ನೆಲವನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿ ಒಂದೊಂದು ಚೌಕಕ್ಕೆ ಒಂದೇ ಎತ್ತರ ಕೊಡುತ್ತದೆ. ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ನೆಲ ಹಾಗಲ್ಲ. ಚೌಕದೊಳಗೆ ನಾಲೆಯೂ ಇರುತ್ತದೆ, ಮಣ್ಣು ಏರಿಸಿ ಕಟ್ಟಿದ ಮನೆಯೂ ಇರುತ್ತದೆ. ನಮ್ಮ ಮರಾಠಿ ಸಾಹೇಬರು ಹೊಸಬರಿಗೆಲ್ಲ ಹೇಳುತ್ತಿದ್ದ ಮಾತು: "ಯೇ ವಾರ್ಡ್ ಕೇ ಲಿಯೇ ಹೈ, ಕಿಸೀ ಕೇ ದರ್ವಾಜೇ ಕೇ ಲಿಯೇ ನಹೀಂ." ವಾರ್ಡು ನೋಡಲು ಮಾಡಿದ್ದು, ಯಾರದೋ ಬಾಗಿಲು ನೋಡಲು ಅಲ್ಲ. ಎಷ್ಟೋ ಹೊಸಬರಿಗೆ ನಾನೂ ಅದನ್ನೇ ಕಲಿಸಿದ್ದೇನೆ.

ಮರುದಿನ ಊಟದ ಬಿಡುವಿನಲ್ಲಿ ಪರದೆಯ ಮೇಲೆ ಆ ಬಾಗಿಲನ್ನು ಹುಡುಕಿದೆ. ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ. ಆ ಕಟ್ಟಡ ಬಿದ್ದ ಚೌಕ ಪೂರ್ತಿ ನೀಲಿ, ಅಂದರೆ ನೀರು ನಿಲ್ಲುವ ಜಾಗ. ನನ್ನ ಕಣ್ಣಿಗೆ ಕಂಡದ್ದು ಮಾತ್ರ ಯಾರದೋ ನೈಟಿ ಹಾಕಿಕೊಂಡು ಕೂತ ಅತ್ತೆ. ಆ ನಕ್ಷೆಯ ಬಣ್ಣದ ಪ್ರತಿ ತೆಗೆದು ಮನೆಗೆ ಒಯ್ದೆ.

"ಇದು ಎಂತದು, ಸಮುದ್ರವಾ?" ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ನೀವು ನೋಡಿದ ಮನೆ. ನೀರಿನೊಳಗೆ ಉಂಟು."

"ನಾನು ಕಾಲಿಟ್ಟು ಬಂದ ಮನೆ ಒಣಗಿಯೇ ಇತ್ತಲ್ಲ! ಅಲ್ಲಿಯವರು ಹೇಳಿದ್ದು ಸುಳ್ಳಾ ಹಾಗಾದ್ರೆ?"

"ಮಾರುವವರು ಮತ್ತೆಂತ ಹೇಳ್ತಾರೆ ಅತ್ತೆ? ಒಮ್ಮೆ ಮಂಚ ತೇಲಿದ್ದು ಸಾಲದಾ ನಿಮಗೆ?"

ಹಾಗೆ ಹೇಳಬಾರದಿತ್ತು. ಅವರ ಮುಖ ಸಪ್ಪಗಾಯಿತು. ಮಗನ ಕಡೆ ನೋಡಿದರು. ನನ್ನ ಗಂಡನಿಗೆ ಜಗಳವೆಂದರೆ ಆಗದು. "ಇದು ಅವಳಿಗೆ ಗೊತ್ತಿರುವ ವಿಷಯ ಅಮ್ಮ" ಎಂದು ಟಿವಿಯ ಕಡೆ ತಿರುಗಿದರು. ಅತ್ತೆ ಕಾಗದವನ್ನು ನೀಟಾಗಿ ಮಡಚಿ ನನಗೆ ಕೊಟ್ಟು, ಅಡಿಗೆಮನೆಗೆ ಹೋಗಿ ಹಗ್ಗದ ಚೀಲವನ್ನು ತೊಳೆಯತೊಡಗಿದರು. ಆ ಮನೆಯನ್ನು ಬೇರೆ ಯಾರೋ ಕೊಂಡರು.

ವರ್ಷಗಳು ಹೋದವು. ನಮ್ಮ ಆಫೀಸಿಗೆ ಅದೇ ಭಾಗದ ಕೆಲಸ ಮತ್ತೆ ಬಂತು, ಈ ಸಲ ಓಣಿ ಓಣಿಗೆ ಉಪಕರಣ ಇಟ್ಟು ಅಳೆಯಲು ಸಮಯವೂ ಸಿಕ್ಕಿತು. ಹೊಸ ಅಳತೆಗಳನ್ನು ಹಾಕಿ ಗೆರೆ ಎಳೆದಾಗ ನೀಲಿ ಆ ಕಟ್ಟಡದ ಗೇಟಿನೊಳಗೆ ಸ್ವಲ್ಪ ಬಂದು, ಮೆಟ್ಟಿಲ ಹತ್ತಿರ ನಿಂತುಬಿಟ್ಟಿತು. ಬಾಗಿಲು ಹೊರಗುಳಿದಿತ್ತು. ಸೀಟಿನಿಂದ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ನೋಡಿದೆ. ಹಾಗೇ ಇತ್ತು.

ಹೇಳದೆ ಇರಬಹುದಿತ್ತು. ನನಗೆ ಆಗಲಿಲ್ಲ. ಅಷ್ಟರಲ್ಲಿ ಅತ್ತೆ ಮಂಚದಿಂದ ಗ್ಯಾಲರಿಗೆ ಬರಲೂ ಇಬ್ಬರು ಬೇಕಾಗಿತ್ತು, ಹಗ್ಗದ ಚೀಲವನ್ನು ನಾನೇ ಇಳಿಬಿಡುತ್ತಿದ್ದೆ. ಪಕ್ಕದಲ್ಲಿ ಕೂತು ಹೇಳಿದೆ.

"ಹೌದಾ? ನೀರು ಬರ್ಲಿಕ್ಕಿಲ್ಲವಾ? ಒಳ್ಳೆದಾಯ್ತು, ಆ ಮನೆಯವರು ಆರಾಮ ಇರ್ಲಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಕೇಳಿದರು, "ಅಲ್ಲ ಮಗಾ, ನಿನ್ನ ನಕ್ಷೆಯಲ್ಲಿ ಮೂರನೇ ಮಾಳಿಗೆಗೆ ಯಾವ ಬಣ್ಣ?"

"ಮಾಳಿಗೆಗಳನ್ನು ಅದರಲ್ಲಿ ತೋರಿಸುದಿಲ್ಲ ಅತ್ತೆ."

"ಹಾಗಾದ್ರೆ ನಾನು ಅದರಲ್ಲಿ ಇಲ್ಲವೇ ಇಲ್ಲ" ಎಂದು ನಕ್ಕರು. ತಮಾಷೆಗೇ ಹೇಳಿದ್ದು. ನನಗೆ ಅವತ್ತು ಊಟ ಸೇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅತ್ತೆ ಹೋದರು. ಆ ಮೇಲಿನ ಮಳೆಗಾಲದಲ್ಲಿ ಒಂದು ದಿನ ಮಳೆ ಸುರಿಯಿತು ಎಂದರೆ ಸುರಿಯಿತು, ಆಫೀಸಿಗೆ ರಜೆ. ನಾನು ಛತ್ರಿ ಹಿಡಿದು ಖಾಡಿ ಕಡೆ ನಡೆದೆ. ಯಾಕೆ ಹೋದೆ ಎಂದು ಗಂಡನಿಗೂ ಹೇಳಿಲ್ಲ. ಓಣಿಯಲ್ಲಿ ಮೊಣಕಾಲುದ್ದ ಕಂದು ನೀರು. ಗೇಟಿನ ಹತ್ತಿರ ನಿಂತು ಮೆಟ್ಟಿಲು ನೋಡಿದೆ. ಒಂದು ಮುಳುಗಿತ್ತು. ಎರಡನೆಯದನ್ನು ನೀರು ನೆಕ್ಕುತ್ತಿತ್ತು. ಮೇಲೆ ಹತ್ತು, ಇನ್ನೂ ಮೇಲೆ ಹತ್ತು, ಒಳಗೆ ನುಗ್ಗು ಎಂದು ಮನಸ್ಸಿನಲ್ಲೇ ನೀರಿಗೆ ಹೇಳುತ್ತಿದ್ದೆ. ಸಂಸಾರ ಇರುವ ಮನೆ ಅದು, ಒಲೆ ಇರುತ್ತದೆ, ಅಕ್ಕಿ ಡಬ್ಬಿ ಇರುತ್ತದೆ. ಅದೆಲ್ಲ ಗೊತ್ತಿದ್ದೂ ಹೇಳಿದೆ, ಥೂ.

ನೀರು ಹತ್ತಲಿಲ್ಲ. ಬಾಗಿಲಲ್ಲಿ ಮುದುಕಿಯೊಬ್ಬಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಡಿಲಿನ ತಟ್ಟೆಯಲ್ಲಿ ಒಣಸಿಗಡಿಯ ತಲೆ ಮುರಿಯುತ್ತಿದ್ದಳು. ನನ್ನನ್ನು ನೋಡಿ, ನೆನೆಯುತ್ತಾ ಯಾಕೆ ನಿಂತಿದ್ದೀ, ಮೇಲೆ ಬಾ, ಇಲ್ಲಿಗೆ ನೀರು ಬರುವುದಿಲ್ಲ ಎಂದು ಮರಾಠಿಯಲ್ಲಿ ಕರೆದಳು. ಕರೆಯುತ್ತಲೇ ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.