ಸಿದೋನಿಯ ಓರೆಗಾಲಿನ ಕುರ್ಚಿ

ಕಡಲ್ಗಳ್ಳರು ಹತ್ತಿ ಬರಬಾರದೆಂದು ನಮ್ಮ ಹಿರಿಯರು ಪೇರೂಸ್ ಊರನ್ನು ಗುಡ್ಡದ ನೆತ್ತಿಯ ಮೇಲೆ ಕಟ್ಟಿದರು. ಕಳ್ಳರಿಗೆ ಏದುಸಿರು ಬಂತು, ಪ್ರವಾಸಿಗರಿಗೆ ಬರಲಿಲ್ಲ. ಊರಲ್ಲಿ ಸಮತಟ್ಟಾಗಿರುವುದು ಎರಡೇ: ಚರ್ಚಿನ ನೆಲ ಮತ್ತು ಬೇಕರಿಯವನ ಮುಖಭಾವ.

ಹೀಗಾಗಿ ಇಲ್ಲಿ ಮನೆಗೊಂದು ಬೀದಿಕುರ್ಚಿ. ಬೇಸಿಗೆಯ ಸಂಜೆ ಹೊಸ್ತಿಲಾಚೆ ಹಾಕಿಕೊಂಡು ತಂಗಾಳಿಗೆ ಕೂರುವುದಕ್ಕೆ. ಆಯಾ ಬಾಗಿಲ ಮುಂದಿನ ಇಳಿಜಾರು ನೋಡಿಯೇ ಅದರ ಕಾಲುಗಳನ್ನು ಉದ್ದಗಿಡ್ಡವಾಗಿ ಕೊಯ್ದಿರುತ್ತಾರೆ. ನನ್ನ ಕುರ್ಚಿಯನ್ನು ಪಕ್ಕದ ಬಾಗಿಲಲ್ಲಿಟ್ಟರೆ ನಾನು ಅವರ ಮಡಿಲಿಗೇ ಉರುಳುತ್ತೇನೆ. ಆದ್ದರಿಂದ ಯಾರೂ ಇನ್ನೊಬ್ಬರ ಕುರ್ಚಿಗೆ ಆಸೆಪಡುವುದಿಲ್ಲ. ರಾಜಕೀಯದವರಿಗೂ ಇಂಥದೊಂದು ಬೀದಿ ಮಾಡಿಕೊಡಬೇಕು.

ಸಿದೋನಿ ಆಂಫು ಮಾತ್ರ ಕುರ್ಚಿ ಕಳೆದುಕೊಂಡ ಮನೆಯವಳು. ಊರಬಾಗಿಲ ಕೆಳಗಿನ ಆಲಿವ್ ತೋಟದ ಮನೆಯಲ್ಲಿದ್ದ ಚಿತ್ರಕಾರ ಆನ್ಸೆಲ್ಮ್ ತೊರ್ನಾಲ್, ಆಕೆಯ ಅಜ್ಜಿಯ ಕುರ್ಚಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆಂದು ಕೇಳಿ ಒಯ್ದಿದ್ದ. ಅದರ ಮೇಲೆ ತನ್ನ ಅಡುಗೆಯವಳನ್ನು ಕೂರಿಸಿ, ಆಕೆ ವಾಲಿದಂತೆಯೇ ಬರೆದ. ಬಣ್ಣ ಒಣಗುವ ಮೊದಲು ತೀರಿಹೋದ. ಸಾವಿನ ಮನೆಗೆ ಹೋಗಿ ಕೊಟ್ಟ ಸಾಮಾನು ಕೇಳುವುದು ನಮ್ಮಲ್ಲಿ ಹೇಸಿಗೆಯ ಕೆಲಸ. ಅಜ್ಜಿ ಸೂತಕ ಕಳೆಯಲೆಂದು ಕಾದಳು. ಅಷ್ಟರಲ್ಲಿ ಯುದ್ಧ ಬಂತು, ಮನೆಗೆ ಬೀಗ ಬಿತ್ತು, ಕೊನೆಗೆ ಅದು ಮ್ಯೂಸಿಯಂ ಆಯಿತು. ಅಲ್ಲಿನ ಗೋಡೆಗೇರಿದ ಚಿತ್ರ ಲೋಕಪ್ರಸಿದ್ಧವಾಯಿತು, ಕುರ್ಚಿ ಹಗ್ಗದ ಬೇಲಿಯೊಳಗೆ ಸೇರಿತು.

ಸಿದೋನಿ ಕಡಲದಂಡೆಯ ಹೋಟೆಲುಗಳ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕಿ ಬದುಕಿದವಳು. ಮದುವೆಯಾಗಲಿಲ್ಲ. "ಸುಕ್ಕು ತೆಗೆಯೋ ಕೆಲಸ ದುಡ್ಡಿಗೆ ಮಾಡ್ತೀನಿ, ಪುಕ್ಕಟೆ ಮಾಡಲ್ಲ" ಎನ್ನುತ್ತಿದ್ದಳು. ಸಂಜೆ, ಸಂತೆಯಿಂದ ತಂದ ಮಡಚು ಕುರ್ಚಿಯಲ್ಲಿ, ಒಂದು ಕಾಲು ಗೋಡೆಗೆ ಒತ್ತಿಕೊಂಡು ಕೂರುವಳು. ಕಳೆದ ಬೇಸಿಗೆ ಆ ಕುರ್ಚಿ ಜಾರಿ, ಆಕೆ ಬಿದ್ದು, ಮಣಿಕಟ್ಟು ಮುರಿಯಿತು. ಇನ್ನು ಕಿಟಕಿಯಲ್ಲೇ ಕೂರಬೇಕೆಂದು ಬೀದಿಯವರೆಲ್ಲ ಸೇರಿ ತೀರ್ಪು ಕೊಟ್ಟರು.

"ಕಿಟಕೀಲಿ ಹೂಕುಂಡ ಇಡ್ತಾರೆ. ನನ್ನನ್ನ ಈಗಲೇ ಮಣ್ಣಿಗೆ ಹಾಕ್ಬೇಡಿ" ಎಂದಳು.

ಎದುರುಮನೆಯ ಬಾತಿಸ್ತಾಂ ಮ್ಯೂಸಿಯಂ ಕಾವಲುಗಾರ. "ಅತ್ತೆ, ಬೇರೆ ಕುರ್ಚಿ ತಂದು ಕಾಲು ಕೊಯ್ದು ಕೊಡ್ತೀನಿ ಬಿಡಿ" ಎಂದ.

"ನನ್ನದು ಅಲ್ಲಿ ಮೆರೀತಿರುವಾಗ ನಾನ್ಯಾಕೋ ನಕಲಿ ಮೇಲೆ ಕೂರ್ಲಿ?"

ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ವಾರವೇ ಆಕೆ ಮ್ಯೂಸಿಯಂಗೆ ಹೋಗಿ, ಹಗ್ಗ ದಾಟಿ, ಕುರ್ಚಿಯಲ್ಲಿ ಕುಳಿತಳು. ಎಲ್ಲೆಡೆ ಜನ ಜಗಳವಾಡಿ ಕುರ್ಚಿ ಹಿಡಿಯುತ್ತಾರೆ; ಈಕೆ ಕುರ್ಚಿ ಹಿಡಿದು ಜಗಳ ಶುರುಮಾಡಿದಳು.

"ಅತ್ತೆ, ಏಳಿ! ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಿ" ಎಂದು ಬಾತಿಸ್ತಾಂ ಗೋಗರೆದ.

"ನೀನು ಕಾವಲುಗಾರ ತಾನೆ? ಕಾಯ್ತಾ ಇರು. ನಾನು ಕೂತಿರ್ತೀನಿ."

ಪ್ಯಾರಿಸ್ಸಿನ ಕಡೆಯವರಾದ ಮ್ಯೂಸಿಯಂ ನಿರ್ದೇಶಕಿ ಮದಾಮ್ ವೆರ್ಲಾಕ್ ಓಡಿಬಂದರು. ಕೆಟ್ಟ ಹೆಂಗಸಲ್ಲ. "ಕುರ್ಚಿ ನಿಮ್ಮ ಅಜ್ಜಿಯದೇ ಅಂತ ನಾನೂ ಒಪ್ತೀನಿ, ಮದಾಮ್. ಆದ್ರೆ ಈಗ ಅದು ಎಲ್ಲರಿಗೂ ಸೇರಿದ್ದು."

"ಆ ಎಲ್ಲರಲ್ಲಿ ನಾನು ಇಲ್ವಾ?"

"ಇದ್ದೀರಿ. ಆದ್ರೆ ಯಾರೂ ಕೂರೋ ಹಾಗಿಲ್ಲ."

"ಎಲ್ಲರದೂ ಆಗಿ ಯಾರಿಗೂ ಆಗದೇ ಹೋದ್ರೆ ಅದು ಕುರ್ಚಿ ಅಲ್ಲ ತಾಯಿ, ಹೆಣ."

ಪ್ರವಾಸಿಗರು ಫೋಟೋ ಹೊಡೆಯತೊಡಗಿದರು. ಮದಾಮ್ ವೆರ್ಲಾಕ್ ತಲೆ ಓಡಿಸಿದರು: "ಒಂದು ಮಾಡೋಣ. ದಿನಾ ಮಧ್ಯಾಹ್ನ ಬಂದು ಇಲ್ಲೇ ಕೂತ್ಕೊಳ್ಳಿ. ಜನಕ್ಕೂ ಇಷ್ಟ ಆಗುತ್ತೆ."

ಸಿದೋನಿ ಎದ್ದು ನಿಂತಳು. "ಒಬ್ಬಳು ಗೋಡೆ ಮೇಲೆ ಕೂತಿದ್ದಾಳಲ್ಲ, ಸಾಲ್ದಾ? ಆ ಚಿತ್ರ ನಿಮ್ಮದು, ಇಟ್ಕೊಳ್ಳಿ. ನಾನು ನೋಡಿಸಿಕೊಳ್ಳೋಕೆ ಬಂದವಳಲ್ಲ. ನಮ್ಮ ಬೀದೀಲಿ ಕೂತು ನಾನೇ ಜನಾನ ನೋಡೋಳು." ಕುರ್ಚಿಯನ್ನೆತ್ತಿ ಎದೆಗವಚಿಕೊಂಡು ಹೊರಟೇಬಿಟ್ಟಳು.

"ಬಾತಿಸ್ತಾಂ, ತಡೀರಿ ಅವರನ್ನ!"

ಬಾತಿಸ್ತಾಂ ತಡೆಯಲೆಂದೇ ಓಡಿದ. ಆದರೆ ಎರಡು ಕೈಯೂ ತುಂಬಿದ ಮುದುಕಿ ಗೇಟಿನ ಮುಂದೆ ನಿಂತಾಗ, ತೆರೆಯದೆ ಇರುವ ವಿದ್ಯೆಯನ್ನು ಅವನ ತಾಯಿ ಅವನಿಗೆ ಕಲಿಸಿರಲಿಲ್ಲ. ತೆರೆದ. ಆಮೇಲೆ, ಹೇಗೂ ಕೆಲಸ ಹೋಯಿತೆಂದು, ಕುರ್ಚಿಯ ಒಂದು ಕಡೆ ತಾನೂ ಹಿಡಿದ.

ಮದಾಮ್ ವೆರ್ಲಾಕ್ ಏದುಸಿರು ಬಿಡುತ್ತ ಬೀದಿಗೆ ಹತ್ತಿ ಬರುವಷ್ಟರಲ್ಲಿ ಕುರ್ಚಿ ಬಾಗಿಲ ಮುಂದೆ ನೆಟ್ಟಗೆ ನಿಂತಿತ್ತು. ಸಿದೋನಿ ಎರಡೂ ಪಾದ ನೆಲಕ್ಕೆ ಊರಿ, ಗೋಡೆಯ ಹಂಗಿಲ್ಲದೆ ಕುಳಿತು ಬೀನ್ಸ್ ಬಿಡಿಸುತ್ತಿದ್ದಳು. ನಾವೆಲ್ಲ ಆಗಲೇ ನಮ್ಮ ನಮ್ಮ ಕುರ್ಚಿ ಹೊರಗೆ ಹಾಕಿದ್ದೆವು. ಸಂಜೆಗೆ ಇನ್ನೂ ಹೊತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು.

"ಪೊಲೀಸರನ್ನ ಕರೀಬೇಕಾಗುತ್ತೆ ನಾನು" ಎಂದರು ಮದಾಮ್.

"ಕರೀರಿ. ನಾನು ಕೂತಿರೋ ಹಾಗೇ ಎತ್ಕೊಂಡು ಹೋಗ್ಲಿ. ಇಳಿಜಾರು, ಹುಷಾರು ಅಂತ ಹೇಳಿ."

ಮದಾಮ್ ಬೀದಿಯುದ್ದಕ್ಕೂ ಕುಳಿತ ಮುಖಗಳನ್ನು ನೋಡಿದರು. ಫೋನನ್ನು ಚೀಲದೊಳಗೆ ಹಾಕಿಕೊಂಡು ಇಳಿದುಹೋದರು. ಬಾತಿಸ್ತಾಂನ ಕೆಲಸವೂ ಹೋಗಲಿಲ್ಲ.

ಮರುದಿನ ಮ್ಯೂಸಿಯಂನ ಖಾಲಿ ಜಾಗದಲ್ಲಿ, ಮಾನ ಉಳಿಸಿಕೊಳ್ಳಲು, ಒಂದು ಚೀಟಿ ಕಾಣಿಸಿತು: "ಕುರ್ಚಿಯನ್ನು ತಾತ್ಕಾಲಿಕವಾಗಿ ಎರವಲು ಕೊಡಲಾಗಿದೆ." ಸುದ್ದಿ ತಿಳಿದ ಸಿದೋನಿ ಪೆನ್ಸಿಲು ಹಿಡಿದು ಇಳಿದುಹೋಗಿ, ಆ ಸಾಲನ್ನು ಹೊಡೆದುಹಾಕಿ, ಕೆಳಗೆ "ಹಿಂತಿರುಗಿಸಲಾಗಿದೆ" ಎಂದು ಬರೆದು ಬಂದಳು. ಅವರು ಚೀಟಿ ಬದಲಾಯಿಸಿದರು. ಈಕೆ ಮತ್ತೆ ಹೋದಳು. ಈ ಬೇಸಿಗೆಯಲ್ಲೂ ಇದು ನಡೆದಿದೆ. ಪೆನ್ಸಿಲು ಸವೆದಿದೆ, ಸಿದೋನಿ ಸವೆದಿಲ್ಲ.